‘ಅನಾನ್’ ಅಂದರೆ ‘ಬಂದೆ’

ಮಾಗಡಿಯಲ್ಲಿ ವರ್ಷಾನುಗಟ್ಟಲೆ ಇಂಗ್ಲಿಷ್ ಪಾಠ ಹೇಳಿ ಗಂಟಲು ಸವೆಸಿಕೊಂಡವನು ನಾನು. ಹಳೇ ಪದ್ಯಗಳಲ್ಲಿ ‘ಅನಾನ್’ ಅನ್ನುವ ಪದ ಬಂದಾಗಲೆಲ್ಲ ‘ಇನ್ನು ಸ್ವಲ್ಪ ಹೊತ್ತಿಗೆ’ ಅಂತ ಅರ್ಥ ಬರೆಸಿ ಮುಂದೆ ಹೋಗುತ್ತಿದ್ದೆ. ಈಗ ಅದನ್ನು ತಮಾಷೆಗಲ್ಲದೆ ಯಾರೂ ಆಡುವುದಿಲ್ಲ.

ಈಚೆಗೊಂದು ದಿನ ಖಾಲಿ ಮನೆಯಲ್ಲಿ ಹೊತ್ತು ಹೋಗದೆ ದೊಡ್ಡ ನಿಘಂಟು ತೆಗೆದೆ. ಹುಟ್ಟುವಾಗ ಆ ಪದಕ್ಕೆ ‘ಒಂದೇ ಏಟಿಗೆ, ಈ ಕ್ಷಣವೇ’ ಅನ್ನುವ ಅರ್ಥವಿತ್ತಂತೆ. ಅದರ ಹೊಟ್ಟೆಯೊಳಗೆ ‘ಒಂದು’ ಅನ್ನುವ ಮಾತೇ ಇದೆ. ಜನ ಈಗಲೇ ಅಂದರು, ಬರಲಿಲ್ಲ. ಮತ್ತೆ ಈಗಲೇ ಅಂದರು, ಆಗಲೂ ಬರಲಿಲ್ಲ. ಪದಕ್ಕೂ ಸುಸ್ತಾಗಿ ‘ಆಮೇಲೆ’ ಆಗಿಹೋಯಿತು.

ನಮ್ಮ ಸೀಮೆಯವರು ಅವರಿಗಿಂತ ಒಂದು ಕೈ ಮೇಲು. ಹೊಸಿಲು ದಾಟುವ ಮೊದಲೇ ‘ಬಂದೆ’ ಅನ್ನುತ್ತೇವೆ. ಇನ್ನೂ ಒತ್ತಾಯ ಮಾಡಿದರೆ ‘ಬಂದ್ಬುಟ್ಟೆ ಕಣ್ಲಾ’ ಅನ್ನುತ್ತೇವೆ. ಆಗ ಸ್ನಾನಕ್ಕೆ ನೀರು ಕಾಯುತ್ತಿರುತ್ತದೆ.

ಹೆಂಡತಿಯ ಮಂಡಿ ಆಪರೇಷನ್ ರಾಮನಗರದಲ್ಲಿತ್ತು. ಹಿಂದಿನ ದಿನವೇ ಆಸ್ಪತ್ರೆಗೆ ಸೇರಿಸಿ ಬಂದಿದ್ದೆ. ಬೆಳಿಗ್ಗೆ ಫೋನ್ ಮಾಡಿ, “ಒಳೀಕೆ ಕರ್ಕೊಂಡೋಯ್ತಾವ್ರೆ, ಎಲ್ಲಿದ್ದೀರಿ?” ಅಂದಳು. “ಬಂದೆ” ಅಂದೆ. ಮೇಜಿನ ಮೇಲೆ ತಿದ್ದಲು ಒಂದಷ್ಟು ಉತ್ತರಪತ್ರಿಕೆ ಉಳಿದಿದ್ದವು. ಮುಗಿಸಿಯೇ ಬಸ್ಸು ಹತ್ತಿದೆ. ಅಷ್ಟರಲ್ಲಿ ನಮ್ಮವರು ಅನ್ನುವ ಒಂದು ಮುಖವನ್ನೂ ನೋಡದೆ ಅವಳು ಒಳಗೆ ಹೋಗಿದ್ದಳು. ಆಸ್ಪತ್ರೆಯಿಂದ ಸೀದಾ ಚನ್ನಪಟ್ಟಣದ ಅಕ್ಕನ ಮನೆಗೆ ಹೋದವಳು ಐದು ತಿಂಗಳಾದರೂ ವಾಪಸ್ಸು ಬಂದಿಲ್ಲ. ಮಂಡಿ ಯಾವತ್ತೋ ವಾಸಿಯಾಗಿದೆ.

ಪ್ರತಿ ಭಾನುವಾರ ಎರಡು ಬಸ್ಸು ಬದಲಾಯಿಸಿ ಹೋಗುತ್ತೇನೆ. ಸಾಕಾಗಿಹೋಗಿದೆ. ಆದರೂ ಹೋಗುತ್ತೇನೆ, ಅವಳಿಲ್ಲದ ಮನೆ ಅದಕ್ಕಿಂತ ಸಾಕಾಗಿದೆ. ಕಳೆದ ವಾರ ಮಾತು ಬೆಳೆಸೋಣ ಅಂತ ‘ಅನಾನ್’ ಕಥೆ ಹೇಳಿದೆ. ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು.

“ಆ ಮಾತು ಕೆಡ್ಸಕ್ಕೆ ಇಂಗ್ಲಿಷ್‌ನೋರಿಗೆ ಎಷ್ಟ್ ವರ್ಷ ಬೇಕಾಯ್ತು?”

“ನೂರಾರು ವರ್ಷ.”

“ನೀವು ಇಪ್ಪತ್ತೆಂಟು ವರ್ಷಕ್ಕೇ ಕೆಡ್ಸಿಬುಟ್ರಲ್ಲ, ಮೇಷ್ಟ್ರೇ.”

ಮೂವತ್ತು ಮಕ್ಕಳ ಎದುರು ವ್ಯಾಕರಣ ತಪ್ಪಿದಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಸಂಜೆ ಹೊರಡುವಾಗ ಬಾಗಿಲಲ್ಲಿ ನಿಂತು, “ತಪ್ಪು ನಂದೇ. ಮನೆಗೆ ಬಾ” ಅಂದೆ. ಇಷ್ಟು ದಿನದಲ್ಲಿ ಬಾಯಿಬಿಟ್ಟು ಕರೆದದ್ದು ಅದೇ ಮೊದಲು.

ಅಡುಗೆಮನೆಯಿಂದ ಉತ್ತರ ಬಂತು. “ಬಂದೆ.”

ಚಪ್ಪಲಿ ಮೆಟ್ಟಿಕೊಂಡು ಕಾದೆ. ಕುಕ್ಕರ್ ಮೂರು ಸಲ ಕೂಗಿತು. ಬಸ್ಸಿಗೆ ಹೊತ್ತಾಯಿತು, ಒಬ್ಬನೇ ಹೊರಟೆ.