ಕೀವಿಲ್ಲದ ಗಾಯ

ಕೀವನ್ನು ಕಂಡು ಮುಖವರಳಿಸಿದ ಮನುಷ್ಯನನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಮದ್ದೂರಿನ ಸಣ್ಣ ಆಸ್ಪತ್ರೆಯ ಡಾಕ್ಟರ್ ಶಾಮಣ್ಣನವರು ಪಟ್ಟಿ ಬಿಚ್ಚಿದಾಗ ದಟ್ಟ ಹಳದಿ ಕೀವು ಹರಿದರೆ, ಕನ್ನಡಕವನ್ನು ಹಣೆಗೇರಿಸಿ, “ಭೇಷ್! ನೆರೆಹೊರೆಯವರು ಬಂದಿದ್ದಾರೆ!” ಎನ್ನುತ್ತಿದ್ದರು. ಬೆನ್ನಿನಲ್ಲಿ ಕುರುವೆದ್ದಿದ್ದ ನಿಡಘಟ್ಟದ ಮುದುಕಿಯೊಬ್ಬಳು, “ನಾನಿಲ್ಲಿ ಸಾಯ್ತಾ ಇವ್ನಿ, ಈ ಅಯ್ಯಂಗೆ ಕೀವ್ ಕಂಡ್ರೆ ಪಾಯ್ಸ ಕಂಡಂಗೆ!” ಎಂದು ಬೈದಾಗ ಎಲ್ಲರಿಗಿಂತ ಜೋರಾಗಿ ನಕ್ಕವರೂ ಅವರೇ.

ಗ್ರಾಮನೈರ್ಮಲ್ಯದ ಭಾಷಣ ಮಾಡುತ್ತ ಹಳ್ಳಿ ಹಳ್ಳಿ ತಿರುಗುತ್ತಿದ್ದ ನನಗೆ, ತಮ್ಮ ಸ್ವಂತದ ಸೂಕ್ಷ್ಮದರ್ಶಕದಲ್ಲಿ ರಕ್ತದ ಬಿಳಿಕಣಗಳನ್ನು ತೋರಿಸಿದವರು ಅವರು. “ಬೆಂಕಿ ಬಿದ್ದ ಮನೆಗೆ ಊರವರು ಕೊಡ ಹಿಡಿದು ಓಡಿಬರ್ತಾರಲ್ಲ, ಹಾಗೆ ಇವು ಗಾಯಕ್ಕೆ ಓಡಿಬರುತ್ತವೆ. ರೋಗಾಣುಗಳನ್ನು ನುಂಗುತ್ತವೆ, ಸಾಯುತ್ತವೆ. ಹಾಗೆ ಸತ್ತವರ ರಾಶಿಯೇ ಕೀವು” ಎಂದಿದ್ದರು.

ಯುದ್ಧಕಾಲದ ಒಂದು ಸುಗ್ಗಿಯಲ್ಲಿ ಆತಗೂರಿನ ರೈತ ಕೆಂಪಯ್ಯನ ಕಾಲಿನ ಮೇಲೆ ಕಬ್ಬಿನ ಗಾಡಿಯ ಚಕ್ರ ಹರಿಯಿತು. ಹುಣ್ಣು ಹಣ್ಣಾಗಿ ಒಡೆದರೆ ವಾಸಿಯೆಂಬುದು ನಮ್ಮ ಸೀಮೆಯ ನಂಬಿಕೆ. ಮನೆಯವರು ಗಾಯಕ್ಕೆ ಸಗಣಿ ಮೆತ್ತಿ ಕಾದರು. ಕಾಲು ಊದಿ, ಕಂಚಿನ ಬಣ್ಣಕ್ಕೆ ತಿರುಗಿದ ಮೇಲೆ ಗಾಡಿಯಲ್ಲಿ ಆಸ್ಪತ್ರೆಗೆ ತಂದರು.

“ಒಂದ್ ತೊಟ್ಟೂ ಕೀವಿಲ್ಲ ಸ್ವಾಮಿ, ಗಾಯ ಚೊಕ್ಕಟವಾಗೇ ಅದೆ. ನೋವಿಗ್ ಏನಾರ ಕೊಡಿ, ಓಯ್ತೀವಿ” ಎಂದಳು ಹೆಂಡತಿ ನಿಂಗಮ್ಮ.

ಡಾಕ್ಟರ ಮುಖ ಕಂದಿತು. ಅವರು ಬೆರಳಿನಿಂದ ಒತ್ತಿದಾಗ ಚರ್ಮದಡಿ ಗಾಳಿ ಚರಚರ ಎಂದಿತು. ಜಿನುಗುತ್ತಿದ್ದ ಕಂದು ನೀರನ್ನು ಗಾಜಿಗೆ ಸವರಿ, ಬಣ್ಣ ಹಾಕಿ, ನನ್ನನ್ನೂ ಕರೆದರು. ಕಡ್ಡಿಯಂಥ ರೋಗಾಣುಗಳು ಕಿಕ್ಕಿರಿದಿದ್ದವು. ಬಿಳಿಕಣಗಳ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಒಡೆದ ಚೂರು.

“ಈ ರೋಗಾಣು ಕಾರುವ ವಿಷ ಬಿಳಿಕಣಗಳನ್ನು ಗಾಯದ ಹತ್ತಿರಕ್ಕೇ ಬಿಡುವುದಿಲ್ಲ. ಬಂದವನ್ನು ಒಡೆದುಹಾಕುತ್ತದೆ. ಕೀವಾಗುವುದಕ್ಕೂ ಯಾರೂ ಉಳಿದಿಲ್ಲ” ಎಂದರು ಮೆಲ್ಲಗೆ.

ಆಗಿಂದಾಗಲೇ ತೊಡೆಯ ಬಳಿ ಕಾಲನ್ನು ಕತ್ತರಿಸಬೇಕು. ಇಲ್ಲವಾದರೆ ಪ್ರಾಣ ಉಳಿಯದು ಎಂದು ಡಾಕ್ಟರು ಗಂಡಹೆಂಡಿರಿಗೆ ತಿಳಿಸಿ ಹೇಳಿದರು.

“ಕಾಲ್ ಕುಯ್ದ್ಬುಟ್ರೆ ಒಲಕ್ಕಿಳಿಯೋರ್ ಯಾರು ಬುದ್ದಿ?” ಎಂದ ಕೆಂಪಯ್ಯ. “ಅಣ್ಣಾದ್ ಮ್ಯಾಲೆ ಬತ್ತೀವಿ ಬುಡಿ.”

“ಕೈ ಮುಗೀತೀನಿ ಕಣಪ್ಪ, ಇದು ಹಣ್ಣಾಗೋದಿಲ್ಲ. ಅಷ್ಟರೊಳಗೆ ನೀನೇ ಇರೋದಿಲ್ಲ.”

ಗಾಡಿ ಹೊರಟೇಹೋಯಿತು. ಮತ್ತೊಮ್ಮೆ ಕೇಳೋಣವೆಂದು ಮರುದಿನ ಬೆಳಿಗ್ಗೆ ಡಾಕ್ಟರು ಬೈಸಿಕಲ್ಲಿನಲ್ಲಿ ಆತಗೂರಿಗೆ ಹೋದರು, ನಾನೂ ಜೊತೆಗಿದ್ದೆ. ಅಂಗಳದಲ್ಲಿ ಹೆಣ ಮಲಗಿಸಿದ್ದರು. ನಿಂಗಮ್ಮ ಎದ್ದು ಬಂದು ಅವರ ಕೋಟನ್ನು ಹಿಡಿದಳು.

“ಈಗ್ಯಾಕ್ ಬಂದ್ರಿ? ನಾವು ತಿಳೀದ್ ಜನ. ನಿನ್ನೇನೇ ಅವ್ನ ಕಟ್ಟಾಕಿ ಕೂಯ್ಬಾರ್ದಿತ್ತಾ?”

ಅವಳು ತಾನಾಗಿ ಕೈ ಸಡಿಲಿಸುವವರೆಗೆ ಅವರು ಅಲುಗಾಡಲಿಲ್ಲ.

ಮಳವಳ್ಳಿಗೆ ವರ್ಗವಾಗಿ ಹೋದ ಶಾಮಣ್ಣನವರು ಅಲ್ಲಿಯೇ ಜ್ವರದಿಂದ ತೀರಿಕೊಂಡರು. ಹಳ್ಳಿಯವರ ಮುಂದೆ ಕೈಮುಗಿದು ಬೇಡುವ ಆ ಕೆಲಸ ಈಗ ಉಳಿದವರದು. ಆದ್ದರಿಂದ ಕೇಳಿಕೊಳ್ಳುತ್ತೇನೆ: ಗಾಯಕ್ಕೆ ಸಗಣಿ, ಮಣ್ಣು ಮೆತ್ತಬೇಡಿ. ಗಾಯ ಊದಿ ನೋವು ಏರುತ್ತಿದ್ದರೆ, ಕೀವು ಇರಲಿ ಬಿಡಲಿ, ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.