ಹೊಗೆಯಣ್ಣನ ಬಲಗಣ್ಣು

ಗಾಳಿಯ ಹರಿವನ್ನು ಅಳೆಯುವ ಆ ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಹೊಗೆಯಣ್ಣ ಎನ್ನುತ್ತಿದ್ದರು. ಬೀಸುವ ಗಾಳಿಗೆ ಎಣ್ಣೆಯ ಹೊಗೆ ಬಿಡುವುದು ಅವನ ಕೆಲಸ. ಗಾಳಿ ಕಾಣುವುದಿಲ್ಲ, ಹೊಗೆಯ ಕಣಗಳ ಮೇಲೆ ಲೇಸರ್ ಬಿದ್ದರೆ ಅವು ಕಾಣುತ್ತವೆ. ಕೂದಲೆಳೆಯಂಥ ಗಾಜಿನ ತಂತುವಿನಲ್ಲಿ ಹುಟ್ಟುವ ಆ ಬೆಳಕನ್ನು ಹಸಿರು ಹಾಳೆಯಂತೆ ಹರಡುತ್ತಾರೆ. ಅದು ಸೆಕೆಂಡಿಗೆ ಸಾವಿರಾರು ಸಲ ಮಿಡಿಯುತ್ತದೆ, ಮಿಡಿತಕ್ಕೊಂದು ಚಿತ್ರ. ಒಂದು ಚಿತ್ರದಿಂದ ಇನ್ನೊಂದಕ್ಕೆ ಕಣಗಳು ಎಷ್ಟು ಸರಿದವೆಂದು ನೋಡಿದರೆ ಸುಳಿಗಳ ವೇಗ ತಿಳಿಯುತ್ತದೆ. ಹಾಳೆ ನೆಟ್ಟಗಿರದಿದ್ದರೆ ಅಳತೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದನ್ನು ಹೊಂದಿಸುವುದೂ ಅವನದೇ ಹೊಣೆ. ಎಡಗಣ್ಣು ಹುಟ್ಟಿನಿಂದ ಮಂದ. ಬಲಗಣ್ಣಿನಲ್ಲೇ ಅಷ್ಟನ್ನೂ ಮಾಡುತ್ತಿದ್ದ.

ಈ ಕೆಲಸದಲ್ಲೊಂದು ಪೇಚಿದೆ. ಕಣ್ಣು ಕಾಯುವ ಕನ್ನಡಕ ಹಸಿರನ್ನೇ ತಡೆಯುವುದರಿಂದ, ಹೊಂದಿಸಬೇಕಾದ ಹಾಳೆಯೇ ಕಾಣದು. ಹಾಗಾಗಿ ಬೆಳಕನ್ನು ತೀರಾ ಇಳಿಸಿ, ಕನ್ನಡಕವನ್ನು ಹಣೆಗೇರಿಸಿ ನೋಡುವುದು ರೂಢಿ. ನಿಯಮ ಒಪ್ಪುವುದಿಲ್ಲ, ಎಲ್ಲರೂ ಮಾಡುತ್ತಾರೆ. ಒಂದು ಮಧ್ಯಾಹ್ನ ಅವನು ಬೆಳಕು ಇಳಿಸುವುದನ್ನು ಮರೆತು ಕನ್ನಡಕ ಎತ್ತಿದ. ಹೊಳೆಯುವ ಬೋಲ್ಟಿಗೆ ಬಡಿದು ಮರಳಿದ ಕಿರಣ ಬಲಗಣ್ಣನ್ನು ಹೊಕ್ಕಿತು. ನೋವೇ ಆಗಲಿಲ್ಲ.

ಕಣ್ಣಿನ ವೈದ್ಯೆ ಸುತ್ತಿ ಬಳಸಿ ಮಾತಾಡಲಿಲ್ಲ. "ಕಣ್ಣಿನ ಒಳಪರದೆ ನಟ್ಟನಡುವೆ ಸುಟ್ಟಿದೆ. ಸುಟ್ಟಿದ್ದು ಮತ್ತೆ ಬೆಳೆಯಲ್ಲ. ಇದಕ್ಕೆ ಕನ್ನಡಕಾನೂ ಇಲ್ಲ, ಆಪರೇಷನ್ನೂ ಇಲ್ಲ." ಇನ್ನಿಬ್ಬರು ವೈದ್ಯರೂ ಅದನ್ನೇ ಹೇಳಿದರು.

ಕಿರಣ ತಾಗಿದಂದಿನಿಂದ ಅವನು ಯಾವುದನ್ನು ನೇರವಾಗಿ ನೋಡಿದರೂ ಅದೇ ಮಾಯ, ಸುತ್ತಲಿನದಷ್ಟೇ ಉಳಿಯುತ್ತದೆ.

"ನಿನ್ನ ಮೂಗೇ ಕಾಣಲ್ಲ ಕಣೇ," ಎಂದ ಹೆಂಡತಿಗೆ.

"ಮದುವೇಲಿ ನಿಮ್ಮಮ್ಮ ಆಡ್ಕೊಂಡಿದ್ದು ಅದೇ ಮೂಗನ್ನ. ಹೋಗ್ಲಿ ಬಿಡಿ," ಎಂದವಳು ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಹಾಳೆಯ ಕೆಲಸ ತನ್ನ ಕೈಯಲ್ಲಿ ಉಳಿಯುವುದೇ ಎಂಬುದೊಂದೇ ಅವನ ಚಿಂತೆ. ಓರೆಗಣ್ಣಿನಲ್ಲಿ ನೋಡಲು ಕಲಿತಿದ್ದೇನೆ, ಒಂದು ಅವಕಾಶ ಕೊಡಿ ಎಂದು ವಿಭಾಗದ ಮುಖ್ಯಸ್ಥೆಯನ್ನು ಕೇಳಿಕೊಂಡ. ಅವರು ಒಪ್ಪಿದರು. ಈ ಸಲ ಕನ್ನಡಕ ಹಾಕಿಕೊಂಡೇ, ಕ್ಯಾಮೆರಾದ ಚಿತ್ರವನ್ನು ಮಾನಿಟರಿನಲ್ಲಿ ನೋಡಿ ಹೊಂದಿಸಬೇಕೆಂದರು. ಅವನು ಕೋಳಿಯಂತೆ ಕತ್ತು ಓರೆ ಮಾಡಿ, ಹಾಳೆ ಹೊಂದಿಸುವ ತಿರುಪನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಮಾನಿಟರಿನ ಚಿತ್ರದಲ್ಲಿ ಕಣಗಳು ಮಬ್ಬಾಗಿಯೇ ಇದ್ದವು.

"ಸರಿಯಾಯ್ತಾ ಮೇಡಂ?"

ಇಷ್ಟು ವರ್ಷ ಈ ಪ್ರಶ್ನೆಯನ್ನು ಮುಖ್ಯಸ್ಥೆಯೇ ಅವನಿಗೆ ಕೇಳುತ್ತಿದ್ದರು. ಅವರು ಸುಳ್ಳು ಹೇಳುವವರಲ್ಲ, ನಿಜ ಹೇಳಲೂ ಬಾಯಿ ಬರಲಿಲ್ಲ.

"ಅದನ್ನ ನೀವಲ್ವಾ ಹೇಳ್ಬೇಕಾಗಿದ್ದು, ಅಣ್ಣ."

ಅವನು ಇನ್ನೊಮ್ಮೆ ಕತ್ತು ಹೊರಳಿಸಿ ನೋಡಿದ. ಆಮೇಲೆ ತಿರುಪಿನಿಂದ ಕೈ ತೆಗೆದು ಪಕ್ಕಕ್ಕೆ ಸರಿದು ನಿಂತ. ಮುಖ್ಯಸ್ಥೆ ಬೇರೊಬ್ಬರನ್ನು ಕರೆಯಲು ಹೊರಗೆ ಹೋದರು.