ಬೈಂದೂರಿನ ದನಿ, ಬೊಂಬಾಯಿಯ ದನಿ

ಮಳೆ ಬಿಟ್ಟು ಎರಡು ದಿನ ಬಿಸಿಲು ಕಂಡಿತೆಂದರೆ ನಮ್ಮ ಕೋಟೇಶ್ವರದಲ್ಲಿ ಎಲ್ಲರೂ ಹಾಸಿಗೆ ದಿಂಬುಗಳನ್ನು ಅಂಗಳಕ್ಕೆ ಹಾಕುತ್ತಾರೆ. ನಾನು ಬೈಂದೂರಿಗೆ ಕರೆಂಟು ಕೊಡುತ್ತೇನೆ. ಗಾಬರಿಯಾಗಬೇಡಿ, ಇಡೀ ತಾಲೂಕಿನ ದೀಪ ನನ್ನ ಕೈಯಲ್ಲೇನೂ ಇಲ್ಲ. ಬೈಂದೂರು ಎಂಬುದು ನಮ್ಮ ಮನೆಯ ಒಂದು ಹಳೆಯ ಆಂಪ್ಲಿಫೈಯರಿನ ಹೆಸರು. ರೆಕಾರ್ಡಿನ ಮೇಲೆ ಮುಳ್ಳು ಓಡಿದಾಗ ಹುಟ್ಟುವ ಸಣ್ಣ ದನಿಯನ್ನು ದೊಡ್ಡದು ಮಾಡಿ ಸ್ಪೀಕರಿಗೆ ದಾಟಿಸುವುದು ಅದರ ಕೆಲಸ. ಒಳಗೆ ಟ್ರಾನ್ಸಿಸ್ಟರ್ ಇಲ್ಲ, ಗಾಜಿನ ವಾಲ್ವುಗಳಿವೆ. ಮಳೆಗಾಲವಿಡೀ ಮುಚ್ಚಿಟ್ಟಿದ್ದನ್ನು ಇವತ್ತು ಬೆಳಿಗ್ಗೆ ಹಾಕಿದೆ. ವಾಲ್ವುಗಳು ಕೆಂಪಾಗಿ, ಮೇಲೆ ಕೂತಿದ್ದ ಧೂಳು ಬಿಸಿಯಾಗಿ, ಹದವಾಗಿ ಹುರಿದಂಥ ಒಂದು ವಾಸನೆ ಎದ್ದಿತು. ಆ ವಾಸನೆ ಮೂಗಿಗೆ ಬಿದ್ದದ್ದೇ ಮಾವನ ಜೊತೆ ನಾನು ಆಡಿದ ಜಗಳಗಳೆಲ್ಲ ನೆನಪಾದವು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ, ಕುಳಿತುಕೊಳ್ಳಿ.

ನನ್ನ ತವರು ಬೈಂದೂರು. ಅಪ್ಪಯ್ಯ ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಇಂಗ್ಲೆಂಡಿನ ಯಾವುದೋ ಬಂದರಿನಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಈ ಆಂಪ್ಲಿಫೈಯರನ್ನು ಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಊರಿಗೆ ತಂದಿದ್ದರಂತೆ. ನಾನು ಅದರ ಮುಂದೆಯೇ ಬೆಳೆದವಳು. ಮದುವೆಯ ಹೊತ್ತಿಗೆ ಅಪ್ಪಯ್ಯ, "ಇದ್ನ್ ನೀನೇ ತಕಂಡ್ ಹೋಗ್. ನಿನ್ನಷ್ಟ್ ಕೇಂಬೋರ್ ಈ ಮನ್ಯಂಗೆ ಬೇರೆ ಯಾರೂ ಇಲ್ಲೆ" ಎಂದರು. ಹೀಗೆ ಮದುಮಗಳ ಪೆಟ್ಟಿಗೆಗಳ ಜೊತೆ ಮಣಭಾರದ ಈ ಕಬ್ಬಿಣದ ಡಬ್ಬವೂ ದಿಬ್ಬಣದ ವ್ಯಾನಿನಲ್ಲಿ ಕೋಟೇಶ್ವರಕ್ಕೆ ಬಂತು. ನೋಡಿದವರೆಲ್ಲ ಗ್ರೈಂಡರ್ ಎಂದುಕೊಂಡರು.

ಬಂದು ನೋಡಿದರೆ ಇಲ್ಲಿ ಆಗಲೇ ಒಂದು ಕುಳಿತಿತ್ತು. ಮಾವ ಬೊಂಬಾಯಿಯಲ್ಲಿ ರೇಡಿಯೋ, ಗ್ರಾಮಫೋನುಗಳ ಅಂಗಡಿಯಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದವರು. ಬರುವಾಗ ಅವರು ತಂದದ್ದು ಜಪಾನಿನ ಒಂದು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಹೊಳೆಯುವ ಮುಖ, ನೀಲಿ ಬೆಳಕಿನಲ್ಲಿ ಅಲ್ಲಾಡುವ ಎರಡು ಮುಳ್ಳುಗಳು, ದನಿ ಏರಿಸಿ ಇಳಿಸಲು ಹಿಡಿದು ತಿರುಗಿಸಿದರೆ ಬೆಣ್ಣೆಯ ಹಾಗೆ ಸರಿಯುವ ದಪ್ಪ ಗುಬ್ಬಿ. ಮಾವ ಮಾತು ಕಡಿಮೆಯ ಮನುಷ್ಯ. ಮನೆಯಲ್ಲಿ ಅವರ ಎದುರು ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆ ಆಂಪ್ಲಿಫೈಯರಿನ ವಿಷಯ ಬಂದರೆ ಮಾತ್ರ ಅವರ ನಾಲಿಗೆ ಸಡಿಲವಾಗುತ್ತಿತ್ತು.

ನಾನು ಬಂದ ಮೊದಲ ಭಾನುವಾರ ಅವರು ನನ್ನ ಆಂಪ್ಲಿಫೈಯರನ್ನೂ ಹೊರಗೆ ತೆಗೆಸಿದರು. ಭಾನುವಾರ ಬೆಳಿಗ್ಗೆ ವೋಲ್ಟೇಜು ಚೆನ್ನಾಗಿರುತ್ತದೆ, ಹೈವೇಯಲ್ಲಿ ಬಸ್ಸಿನ ಹಾರನ್ನೂ ಸ್ವಲ್ಪ ಕಡಿಮೆ. ಒಬ್ಬ ಹಿಂದೂಸ್ತಾನಿ ಗಾಯಕಿಯ ರೆಕಾರ್ಡು ಹಾಕಿ, ಮೊದಲು ನನ್ನದರಲ್ಲಿ ಕೇಳಿಸಿದರು. ಆಮೇಲೆ ಸ್ಪೀಕರಿನ ತಂತಿ ಬದಲಿಸಿ ಅವರದ್ದರಲ್ಲಿ ಕೇಳಿಸಿದರು. "ಕೇಂಡ್ಯಾ? ಹಾಡುವವ್ಳ್ ಈಗ ಪರದೆ ಸರ್ಸಿ ಹೊರಗ್ ಬಂದ್ಲ್" ಎಂದರು. ಅತ್ತೆ, ನನ್ನ ಗಂಡ, ನೋಡಲು ಬಂದಿದ್ದ ನೆಂಟರು ಎಲ್ಲರೂ ತಲೆಯಾಡಿಸಿದರು.

ನನಗೆ ಸುಮ್ಮನಿರಲು ಆಗಲಿಲ್ಲ. ಹೊಸ ಸೊಸೆಗೆ ಇರಬೇಕಾದ ಗುಣಗಳಲ್ಲಿ ನನಗೆ ಕೊರತೆಯಿದ್ದದ್ದು ಇದೊಂದೇ ಎಂದು ನಾನು ಹೇಳುತ್ತೇನೆ. ಅತ್ತೆಯ ಪಟ್ಟಿ ಇನ್ನೂ ಉದ್ದವಿತ್ತು. "ಮಾವ, ನಿಮ್ದ್ ಒಂಚೂರ್ ಜೋರಿತ್ತ್. ಜೋರಿದ್ದದ್ದ್ ಯಾವತ್ತೂ ಚಂದ ಕಾಂತ್ತ್. ಎರ್ಡೂ ಒಂದೇ ಮಟ್ಟಕ್ಕಿಟ್ಟ್ ಕೇಂಬ" ಎಂದೆ.

ಮಾವ ನನ್ನ ಮುಖ ನೋಡಿದರು, ಗುಬ್ಬಿಯ ಮುಖ ನೋಡಿದರು. ಆಮೇಲೆ ಬಗ್ಗಿ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರು. ಮತ್ತೆ ಕೇಳಿದೆವು. ಈ ಸಲ ಬೈಂದೂರಿನಲ್ಲಿ ಗಾಯಕಿ ಮೇಲಿನ ಷಡ್ಜಕ್ಕೆ ಏರುವ ಮೊದಲು ಎಳೆದುಕೊಂಡ ಉಸಿರು ನಮ್ಮ ಪಕ್ಕದಲ್ಲೇ ಯಾರೋ ಎಳೆದುಕೊಂಡ ಹಾಗಿತ್ತು. "ಹೂಂ" ಎಂದರು ಮಾವ. ಅಷ್ಟೇ. ಮಾರನೆಯ ಭಾನುವಾರ ತಿಂಡಿಯಾದ ಮೇಲೆ ಒಳಗಿನಿಂದ ನನ್ನನ್ನು ಕರೆಯುವ ಅವರ ದನಿ ಬಂತು: "ಹೆಣೆ, ಕೈ ಒರ್ಸ್ಕಂಡ್ ಬಾ. ಕೇಂಬುಕಿತ್ತ್."

ಅಲ್ಲಿಂದ ಅದು ನಮ್ಮಿಬ್ಬರ ಕೆಲಸವಾಯಿತು. ಕೇಳುವವರು ಗೋಡೆಗೆ ಮುಖ ಮಾಡಿ ಕೂರಬೇಕು. ತಂತಿ ಬದಲಿಸುವುದು ಅತ್ತೆ. ಅವರಿಗೆ ಎರಡರ ಮೇಲೂ ಪ್ರೀತಿಯಿಲ್ಲದ್ದರಿಂದ ಮೋಸದ ಭಯವಿರಲಿಲ್ಲ. "ನಂಗೆ ಎರ್ಡೂ ಒಂದೇ. ಒಂದ್ ಹಾಕ್ರೆ ಸೆಕೆ, ಇನ್ನೊಂದ್ ಹಾಕ್ರೆ ಫ್ಯಾನ್ ನಿಧಾನ" ಎನ್ನುತ್ತ, ಉಪ್ಪುಗಾಳಿಗೆ ಹಸಿರುಗಟ್ಟಿದ ತಂತಿಯ ತುದಿಗಳನ್ನು ಹಳೆಯ ಸೀರೆಯ ತುಂಡಿನಿಂದ ಉಜ್ಜುತ್ತಿದ್ದರು. ಎರಡಕ್ಕೂ ಹೆಸರಿಟ್ಟವರೂ ಅವರೇ. ಸೊಸೆ ತಂದದ್ದು ಬೈಂದೂರು, ಗಂಡ ತಂದದ್ದು ಬೊಂಬಾಯಿ.

ಎರಡರ ದನಿಗೂ ಇದ್ದ ವ್ಯತ್ಯಾಸ ಹೇಗೆ ಹೇಳಲಿ? ಬೈಂದೂರಿನಲ್ಲಿ ಮನುಷ್ಯರ ಕಂಠಕ್ಕೆ ಮೈ ಬರುತ್ತದೆ. ಸಾರಂಗಿಯ ತಂತಿಗೆ ಹಚ್ಚಿದ ಕಮಾನು ಒರಟೋ ನುಣುಪೋ ಎಂದು ಬೆರಳಿಗೆ ಗೊತ್ತಾಗುವಷ್ಟು. ಆದರೆ ಮದ್ದಳೆಯ ಎಡಬದಿಯ ಏಟು ಅದರಲ್ಲಿ ಸ್ವಲ್ಪ ಸಡಿಲ. ಮಾವ ಅದನ್ನು "ಗಂಜಿ" ಎನ್ನುತ್ತಿದ್ದರು. ಬೊಂಬಾಯಿಯಲ್ಲಿ ಏಟು ಬಿದ್ದಲ್ಲೇ ಬೀಳುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ಯಕ್ಷಗಾನದ ಭಾಗವತರ ತಾಳದ ಕಿಣಿ ಬಹಳ ಹೊತ್ತು ಗಾಳಿಯಲ್ಲಿ ಉಳಿಯುತ್ತಿತ್ತು. ಕಂಠ ಮಾತ್ರ ಇಸ್ತ್ರಿ ಹಾಕಿದ ಹಾಗೆ ಎಂದು ನಾನು. "ಇಸ್ತ್ರಿ ಹಾಕ್ದ್ ಅಂಗಿ ಹಾಯ್ಕಂಡ್ ಹಾಡ್ರೆ ತಪ್ಪೆಂತ?" ಎಂದು ಅವರು. ಬೇರೆ ಮನೆಗಳಲ್ಲಿ ಸೊಸೆಯೂ ಮಾವನೂ ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ. ನಾವು ಇದನ್ನು ಮಾತಾಡಿದೆವು. ಹೆರಿಗೆಯ ನಂತರ ನಾನು ಮೊದಲ ಸಲ ಚಾವಡಿಗೆ ಬಂದ ದಿನ ಅವರು ಮಗುವಿನ ಕಿವಿ ಮುಟ್ಟಿ ನೋಡಿ, "ಕೆಮಿ ಬೈಂದೂರಿಂದ್ದೇ" ಎಂದಿದ್ದರು. ಅವರ ಬಾಯಲ್ಲಿ ಅದು ಹೊಗಳಿಕೆಯೋ ಅಲ್ಲವೋ ಎಂದು ನಾನು ಇವತ್ತಿಗೂ ಕೇಳಿಲ್ಲ.

ಹಾಗೆ ವರ್ಷಗಳು ಹೋದವು. ಒಂದು ಭಾನುವಾರ ಗೋಡೆಗೆ ಮುಖ ಮಾಡಿ ಕೂತಿದ್ದ ಮಾವ, ತಾಳಮದ್ದಳೆಯ ರೆಕಾರ್ಡಿಗೆ, "ಇದ್ ಚಂದ" ಎಂದರು. ಅದು ಬೈಂದೂರು. ನಾನು ಖುಷಿಯಿಂದ ಅತ್ತೆಗೆ ಕಣ್ಣು ಹೊಡೆದೆ. ಮುಂದಿನ ವಾರವೂ ಬೈಂದೂರು. ಅದರ ಮುಂದಿನ ವಾರವೂ. ಇಷ್ಟು ವರ್ಷ ವಾದ ಮಾಡಿ ಕೊನೆಗೆ ಗೆದ್ದೆ ಎಂದು ಅಪ್ಪಯ್ಯನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ. ಗೆದ್ದವಳ ಗತ್ತು ಒಂದು ತಿಂಗಳಾದರೂ ಇದ್ದಿರಬೇಕು.

ಆಮೇಲೆ ಮಾವ ಬೊಂಬಾಯಿಯನ್ನು ದೂರತೊಡಗಿದರು. "ಎಂತಕೋ ಮಂಕಾಯ್ತ್ ಮಾರಾಯ್ತಿ. ಜೀವ ಇಲ್ಲೆ." ಕುಂದಾಪುರದಿಂದ ರಿಪೇರಿಯವರನ್ನು ಕರೆಸಿ ಒಳಗಿನ ಹಳೆಯ ಬಿಡಿಭಾಗಗಳನ್ನು ಬದಲಿಸಿದ್ದಾಯಿತು. ಮಾವ ಕೇಳಿ ತಲೆಯಲ್ಲಾಡಿಸಿದರು. "ಹೋಯ್ತ್ ಅದ್. ರಾಘಣ್ಣ ಕೇಂತಾ ಇದ್ದ, ಕೊಟ್ಟ್ ಬಿಡ್ತೆ" ಎಂದರು. ರಾಘಣ್ಣ ಸಾಸ್ತಾನದಲ್ಲಿರುವ ಅವರ ಗೆಳೆಯರು, ಅವರಿಗೂ ಇದೇ ಹುಚ್ಚು.

ಅಂದು ಮಧ್ಯಾಹ್ನ ನಾನೊಬ್ಬಳೇ ಕುಳಿತು ಬೊಂಬಾಯಿಯನ್ನು ಕೇಳಿದೆ. ತಾಳದ ಕಿಣಿ ಮೊದಲಿನ ಹಾಗೇ ಗಾಳಿಯಲ್ಲಿ ನಿಂತಿತ್ತು, ಒಂದು ಎಳೆಯೂ ಕಡಿಮೆಯಾಗಿರಲಿಲ್ಲ. ಆಗ ನನಗೆ ಅರ್ಥವಾಯಿತು. ಬೊಂಬಾಯಿಯ ಹೆಚ್ಚುಗಾರಿಕೆ ಇದ್ದದ್ದೇ ಆ ಮೇಲಿನ ಸಣ್ಣ ದನಿಗಳಲ್ಲಿ. ಅವು ಮಾವನಿಗೆ ಕೇಳದೆ ಹೋದಾಗ ಉಳಿದದ್ದು ಕಂಠ ಮಾತ್ರ. ಕಂಠದಲ್ಲಿ ಬೈಂದೂರು ಮುಂದು. ಅವರು ನನ್ನ ಪಕ್ಷಕ್ಕೆ ಬಂದಿರಲಿಲ್ಲ. ಅವರ ಕಿವಿ ಕಮ್ಮಿಯಾಗಿತ್ತು. ಆ ಮಧ್ಯಾಹ್ನ ನನ್ನ ಗೆಲುವಿನ ಬಗ್ಗೆ ನನಗೇ ನಾಚಿಕೆಯಾಯಿತು.

"ಅಪ್ಪಯ್ಯಂಗೆ ಈಗ ಎಂತಕ್ ಹೇಳುದ್? ಬೇಜಾರ್ ಮಾಡ್ಕಂತ್ರ್. ಕೊಟ್ರೆ ಕೊಡ್ಲಿ" ಎಂದರು ನನ್ನ ಗಂಡ, ತಮ್ಮ ಅಪ್ಪನ ಕಿವಿಯ ವಿಷಯ ನಾನು ಹೇಳಿದ್ದನ್ನು ಕೇಳಿ. ಅತ್ತೆ ಮೀನಿಗೆ ಮಸಾಲೆ ಹಚ್ಚುತ್ತಿದ್ದವರು ಕೈ ನಿಲ್ಲಿಸಿ, "ಹೇಳುದಾರೆ ನೀನೇ ಹೇಳ್. ಈ ವಿಷಯದಂಗೆ ಅವ್ರ್ ಬೇರೆಯೋರ ಮಾತ್ ನಂಬ್ತಿಲ್ಲೆ" ಎಂದರು.

ಸಂಜೆ ಜಗಲಿಯಲ್ಲಿ ಅವರ ಪಕ್ಕ ಕುಳಿತೆ. "ಮಾವ, ಬೊಂಬಾಯಿಗೆ ಎಂತದ್ದೂ ಆಯ್ಲಿಲ್ಲೆ."

"ಮತ್ತೆ?"

"ನಿಮ್ಮ್ ಕೆಮಿಗೆ ಆದ್ದ್. ಮೇಲಿನ ದನಿ ನಿಮ್ಗೆ ಕೇಂತಿಲ್ಲೆ."

ಅವರು ಕೈಯೆತ್ತಿ ಕಿವಿ ಮುಟ್ಟಿಕೊಂಡರು. "ನಿಂಗೆ ಹ್ಯಾಂಗ್ ಗೊತ್ತಾಯ್ತ್?" ಎಂದರು.

"ನೀವ್ ಬೈಂದೂರನ್ನ ಹೊಗಳುಕೆ ಶುರು ಮಾಡಿದ್ರಲೆ, ಅದ್ರಂಗೆ."

ನಗಬಹುದೆಂದುಕೊಂಡೆ. ನಗಲಿಲ್ಲ. ಎದ್ದು ಒಳಗೆ ಹೋದರು. ಆ ಭಾನುವಾರ ನನ್ನನ್ನು ಕರೆಯಲಿಲ್ಲ, ಮುಂದಿನ ಭಾನುವಾರವೂ ಇಲ್ಲ. ಎರಡರ ಮೇಲೂ ಬಟ್ಟೆ ಮುಚ್ಚಿತ್ತು. ಊಟಕ್ಕೆ ಕರೆದರೆ ಬರುತ್ತಿದ್ದರು, ಉಂಡು ಹೋಗುತ್ತಿದ್ದರು. ಹೇಳಿದ್ದು ಸರಿಯೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ, ಆದರೆ ಭಾನುವಾರದ ಬೆಳಿಗ್ಗೆಗಳನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಒಮ್ಮೆ ಇಡೀ ಅಡುಗೆಮನೆಯ ಡಬ್ಬಗಳನ್ನೆಲ್ಲ ತೊಳೆದೆ.

ಒಂದು ದಿನ ಅವರೇ ಅಂಗಿ ಹಾಕಿಕೊಂಡು ಬಂದು ನಿಂತರು. "ಬ್ರಹ್ಮಾವರದಂಗೆ ಕೆಮಿ ಕಾಂಬೋರ್ ಇದ್ರಂಬ್ರ್. ಬತ್ಯಾ?"

ಬ್ರಹ್ಮಾವರದ ಆ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡಿದ ಹುಡುಗಿ ತಾಳ್ಮೆಯವಳು. ಕಿವಿಗೆ ಹಾಕುವ ಮಿಷಿನ್ನುಗಳನ್ನು ಮೇಜಿನ ಮೇಲಿಟ್ಟು, "ಅಜ್ಜ, ಇದೂ ಒಂದ್ ಸಣ್ಣ ಆಂಪ್ಲಿಫೈಯರೇ" ಎಂದುಬಿಟ್ಟಳು. ಪಾಪ, ಯಾರೆದುರು ಆ ಮಾತು ಹೇಳಿದೆನೆಂದು ಅವಳಿಗೆ ಗೊತ್ತಿರಲಿಲ್ಲ. ಮಾವ ನೆಟ್ಟಗೆ ಕೂತರು. ಜೇಬಿನಿಂದ ಭಾಗವತರ ತಾಳದ ಜೋಡಿಯೊಂದನ್ನು ತೆಗೆದು ಕಿಣಿಕಿಣಿ ಬಾರಿಸಿದರು. ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕಿದರು. ಒಂದು ಮಿಷಿನ್ ಹಾಕಿ ಕೇಳಿದರು, ತೆಗೆದು ಇನ್ನೊಂದು ಹಾಕಿ ಕೇಳಿದರು. "ಎರ್ಡನ್ನೂ ಒಂದೇ ಮಟ್ಟಕ್ಕಿಡಿ ಡಾಕ್ಟ್ರೆ. ಜೋರಿದ್ದದ್ದ್ ಯಾವತ್ತೂ ಚಂದ ಕಾಂತ್ತ್" ಎಂದರು. ನಾನು ಮುಖ ತಿರುಗಿಸಿ ಗೋಡೆಯ ಮೇಲಿನ ಕಿವಿಯ ಚಿತ್ರ ನೋಡತೊಡಗಿದೆ. ಒಂದನ್ನು ಆರಿಸಿ ಕಿವಿಗೆ ಹಾಕಿಕೊಂಡು ಹೊರಡುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಬೊಂಬಾಯಿಯ ಮೇಲಿನ ಬಟ್ಟೆ ಎತ್ತಿದರು. ರೆಕಾರ್ಡು ಹಾಕಿ ಕೇಳಿದರು. ಅದು ಮುಗಿದ ಮೇಲೆ ಬೈಂದೂರು. ನಾನು ಕಾದೆ.

"ತಾಳ ಕೇಂತ್ತ್. ಆರೆ ತಗಡ್ ಬಡ್ದಾಂಗಿತ್ತ್" ಎಂದರು. "ಎರ್ಡೂ ಒಂದೇ ಹಾಂಗೆ. ಕೆಮಿಯೊಳಗಿದ್ದ್ ಈ ಮಿಷಿನ್ ದನಿಯೇ ಮುಂದಿತ್ತ್."

ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸು ಬರಲಿಲ್ಲ, ಅವರಿಗೂ ಅದು ಬೇಕಿರಲಿಲ್ಲ. ಮಾತಾಡಲು ಮಿಷಿನ್ ಚೆನ್ನಾಗಿದೆ ಎಂದು ಅವರೇ ಹೇಳಿದರು. ಅತ್ತೆಯ ಮಾತು ಈಗ ಪೂರ್ತಿ ಕೇಳುತ್ತದೆ, ಅದೊಂದು ತೊಂದರೆ ಎಂದೂ ಸೇರಿಸಿದರು. ಮತ್ತೆ ಮಿಷಿನ್ ತೆಗೆದು ಅಂಗೈಯಲ್ಲಿಟ್ಟುಕೊಂಡು, ಬರಿಗಿವಿಯಲ್ಲಿ ಕುಳಿತು, ಸ್ಪೀಕರಿನ ಮರದ ಮೇಲೆ ಇನ್ನೊಂದು ಕೈ ಇಟ್ಟರು. ಮದ್ದಳೆಯ ಏಟು ಬಂದಾಗ ಅವರ ಮುಖ ಅರಳಿತು. "ಕೆಳಗಿಂದ್ ಎಲ್ಲ ಇತ್ತ್ ಹೆಣೆ. ಎಂತದ್ದೂ ಹೋಯ್ಲಿಲ್ಲೆ. ಕೆಳಗಿಂದ್ ನಾ ಹೇಳ್ತೆ, ಮೇಲಿಂದ್ ನೀ ಹೇಳ್."

ಅಂದಿನಿಂದ ನಮ್ಮ ಮನೆಯಲ್ಲಿ ತೀರ್ಪು ಕೊಡಲು ಇಬ್ಬರು ಬೇಕು. ನಾನು ತಾಳ ಎಷ್ಟು ಹೊತ್ತು ನಿಂತಿತು, ಗಾಯಕಿಯ ಉಸಿರು ಎಲ್ಲಿ ಬಂತು ಎಂದು ಹೇಳುತ್ತೇನೆ. ಅವರು ಕಣ್ಣು ಮುಚ್ಚಿ ಅದನ್ನು ನೆನಪಿನಿಂದ ತುಂಬಿಕೊಳ್ಳುತ್ತಾರೆ. ಮದ್ದಳೆ, ತಬಲಾದ ಡಗ್ಗ, ತಂಬೂರಿಯ ಕೆಳಗಿನ ತಂತಿ ಅವರ ಪಾಲಿಗೆ. ಬೊಂಬಾಯಿ ಎಲ್ಲಿಗೂ ಹೋಗಲಿಲ್ಲ. ಈಗ ಬೈಂದೂರಿನಿಂದ, ಕೊಕ್ಕರ್ಣೆಯಿಂದ ಕೂಡ ಜನ ತಮ್ಮ ಹಳೆಯ ಆಂಪ್ಲಿಫೈಯರುಗಳನ್ನು ಹೊತ್ತು ತರುತ್ತಾರೆ, ಹೇಗಿದೆ ಹೇಳಿ ಎಂದು.

ಇವತ್ತು ಬಂದದ್ದು ರಾಘಣ್ಣ. ಅವರೂ ಒಂದು ವಾಲ್ವಿನದ್ದು ಕೊಂಡಿದ್ದಾರೆ, ಬೈಂದೂರಿನ ಪಕ್ಕದಲ್ಲಿಟ್ಟು ಕೇಳಬೇಕಂತೆ. ನಾನು ಕೇಳಿ, ಕಂಠ ಬಹಳ ಚಂದ, ನಮ್ಮದಕ್ಕಿಂತ ಒಂದು ಕೈ ಮೇಲು ಎಂದೆ. ಹೇಳುವಾಗ ಸ್ವಲ್ಪ ಸಂಕಟವಾಯಿತು, ನಿಜ. ಮಾವ ಸ್ಪೀಕರಿನಿಂದ ಕೈ ತೆಗೆಯದೆ, "ಎಂತ ಚಂದ? ಕೆಳಗೆ ಪೂರಾ ಗಂಜಿ" ಎಂದರು.

"ಅಷ್ಟೆಲ್ಲ ಗಂಜಿ ಇಲ್ಲೆ ಮಾವ."

"ನಿಂಗೆ ಗೊತ್ತಾತಿಲ್ಲೆ. ನೀ ಮೇಲಿಂದ್ ಮಾತ್ರ ಕಾಣ್."

ರಾಘಣ್ಣ ನನ್ನ ಮುಖವನ್ನೂ ಅವರ ಮುಖವನ್ನೂ ನೋಡಿ, "ಹ್ವಾಯ್, ಇಬ್ರಂಗೆ ಯಾರ್ ಹೇಳುದ್ ನಂಬುದ್?" ಎಂದು ಕೇಳಿದರು. ಮಾವ ಆಗಲೇ ರೆಕಾರ್ಡಿನ ಮುಳ್ಳನ್ನು ಎತ್ತಿ ಮದ್ದಳೆ ಶುರುವಾಗುವ ಜಾಗಕ್ಕೆ ಇಡುತ್ತಿದ್ದರು. ನಾನು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತೆ.